ಚಾಟನಿಯ ರವಿವಾರಗಳು

ಚಾಟನಿಗೆ ರವಿವಾರ ಗೊತ್ತಿಲ್ಲ. ದಸರೆ ಮುಗಿದು, ಬನ್ನಿ ಹಂಚಿಕೊಂಡು ಎರಡು ದಿನ ಕಳೆಯುವುದರೊಳಗೆ ವಿಜಾಪುರ ಜಿಲ್ಲೆಯ ಇಂಡಿಯ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಕತ್ತರಿಗಳ ಸದ್ದು ಶುರುವಾಗುತ್ತದೆ. ಒಂದೊಂದು ಕಡ್ಡಿಯಲ್ಲೂ ಚಿಗುರುವ ಕಣ್ಣು ಇಷ್ಟೇ ಎಂದು ಎಣಿಸಿ ಬಿಟ್ಟು, ಉಳಿದದ್ದನ್ನು ಕತ್ತರಿಸಿ ಒಗೆಯುವ ಕೆಲಸವೇ ಚಾಟನಿ. ಒಂದು ಪ್ಲಾಟು ಹಿಡಿದರೆ ಮೂರೇ ದಿನದಲ್ಲಿ ಮುಗಿಸಬೇಕು. ತಡವಾದರೆ ಒಂದು ಸಾಲು ಹೂವಿಗೆ ಬಂದಾಗ ಇನ್ನೊಂದು ಸಾಲು ಇನ್ನೂ ಚಿಗುರುತ್ತಿರುತ್ತದೆ, ಔಷಧ ಹೊಡೆಯುವುದಕ್ಕೂ ಹಣ್ಣು ಕೊಯ್ಯುವುದಕ್ಕೂ ಹೊಂದಿಕೆಯಾಗುವುದಿಲ್ಲ. ಹಾಗಾಗಿ ಆ ಒಂದು ತಿಂಗಳು ಹೆಂಗಸರ ಗ್ಯಾಂಗುಗಳು ತೋಟದಿಂದ ತೋಟಕ್ಕೆ ಬಿಡುವಿಲ್ಲದೆ ಓಡುತ್ತವೆ. ಒಂದು ದಿನ ತಪ್ಪಿಸಿದವಳ ಸಾಲಿನಲ್ಲಿ ಮರುದಿನ ಬೇರೊಬ್ಬಳು ನಿಂತಿರುತ್ತಾಳೆ.

ಸುವಾರ್ತಾ ದೊಡ್ಡಮನಿಯ ತಾಯಿ ಸಿದ್ದಲಿಂಗವ್ವ ಅಂಥದೊಂದು ಗ್ಯಾಂಗಿನವಳು. ದೀಕ್ಷಾಸ್ನಾನದಲ್ಲಿ ಅವಳಿಗೆ ಕೊಟ್ಟ ಹೆಸರು ಸಾರಮ್ಮ. ಆ ಹೆಸರು ಅವರ ಕ್ರೈಸ್ತ ಸಭೆಯ ಸದಸ್ಯರ ಯಾದಿಯಲ್ಲಿ ಮಾತ್ರ ಉಳಿದಿತ್ತು. ಓಣಿಯಲ್ಲಿ, ತೋಟದಲ್ಲಿ, ತನ್ನ ಬಾಯಲ್ಲೂ ಅವಳು ಸಿದ್ದಲಿಂಗವ್ವನೇ. ಗಂಡ ತೀರಿಕೊಂಡಾಗ ಸುವಾರ್ತಾಳಿಗೆ ಆರು ವರ್ಷ. ಅಂದಿನಿಂದ ಆ ಕತ್ತರಿಯೇ ಇಬ್ಬರನ್ನೂ ಸಾಕಿತು.

ಸುವಾರ್ತಾ ಈಗ ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಆದರೂ ಅಕ್ಟೋಬರ್ ಬಂದರೆ ನಾಲ್ಕೂ ರವಿವಾರ ಅವಳು ತನ್ನ ಊರಲ್ಲಿರುವುದಿಲ್ಲ. ಒಮ್ಮೆ ಇಂಡಿ ಕಡೆ, ಒಮ್ಮೆ ಬಾಗೇವಾಡಿ ಕಡೆ, ಕರೆದರೆ ಮುದ್ದೇಬಿಹಾಳದ ತನಕವೂ ಹೋಗುತ್ತಾಳೆ. ಅವಳ ಸಂಗಡ ಹೋಗುವ ಹುಡುಗ ಹುಡುಗಿಯರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಅವಳು ಬದಲಾಗಿಲ್ಲ. ಇದು ಹೇಗೆ ಶುರುವಾಯಿತು ಎಂದು ಕೇಳಿದವರಿಗೆ ಅವಳು ನಕ್ಕು ಬೇರೆ ಮಾತು ತೆಗೆಯುತ್ತಾಳೆ. ಅವಳ ಹತ್ತೊಂಬತ್ತನೆಯ ವರ್ಷದಲ್ಲಿ, ಇಂಡಿಯ ಕಾಲೇಜಿನಲ್ಲಿ ನಾವು ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾಗ ನಡೆದದ್ದು ನನಗೆ ಗೊತ್ತು.

ಅವರ ಸಭೆ ಸಣ್ಣದು. ಇಂಡಿಯ ಅಂಚಿನಲ್ಲಿ ಪತ್ರಾಸಿನ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ, ಅದನ್ನು ಓಣಿಯವರು ಗುಡಿ ಎಂದೇ ಕರೆಯುತ್ತಾರೆ. ಪಾಸ್ಟರು ವಿಜಾಪುರದಿಂದ ಬರಬೇಕು. ಬರುವುದು ತಿಂಗಳಿಗೊಮ್ಮೆ. ಉಳಿದ ರವಿವಾರಗಳಲ್ಲಿ ಆರಾಧನೆ ನಡೆಸುವವರು ಹಿರಿಯರಾದ ದೇವದಾನಪ್ಪ ಮಾಸ್ತರರು. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಓಣಿಯ ಮಕ್ಕಳನ್ನೆಲ್ಲ ಸಂಜೆ ತಮ್ಮ ಕಟ್ಟೆಯ ಮೇಲೆ ಕೂರಿಸಿಕೊಂಡು ಓದಿಸಿದವರು. ಸುವಾರ್ತಾಳ ಅಕ್ಷರ ಗುಂಡಗಾಗಿದ್ದು ಅವರ ಬೆತ್ತದಿಂದ. ಸಭೆಯ ಹಿರಿಯರಾದ ಮೇಲಿನ ಮೂವತ್ತೊಂದು ವರ್ಷದಲ್ಲಿ ಅವರು ಒಂದು ರವಿವಾರವೂ ಗುಡಿ ತಪ್ಪಿಸಿರಲಿಲ್ಲ. ಮಗಳ ಮದುವೆಯ ಮರುದಿನ ಕೂಡ.

ಅವರೇ ಮಾಡಿದ ಒಂದು ನಿಯಮವಿತ್ತು. ಕಾರಣವಿಲ್ಲದೆ ಬೆನ್ನುಬೆನ್ನಿಗೆ ಮೂರು ರವಿವಾರ ಆರಾಧನೆ ತಪ್ಪಿಸಿದವರ ಹೆಸರು ಆ ವರ್ಷದ ಯಾದಿಯಿಂದ ಹೋಗುತ್ತದೆ. ಯಾದಿಯಲ್ಲಿ ಹೆಸರಿಲ್ಲದವರಿಗೆ ಕ್ರಿಸ್ಮಸ್ಸಿನ ಕರ್ತನ ಭೋಜನವಿಲ್ಲ, ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ರೊಟ್ಟಿಯ ಚೂರಿಲ್ಲ. ಕುಡಿದು ಮಲಗುವ ಗಂಡಸರನ್ನು ಎಬ್ಬಿಸಲು ಮಾಡಿದ ನಿಯಮ ಅದು. ಮಾಡಿದ ಮೊದಲ ವರ್ಷ, ೧೯೯೭ರಲ್ಲಿ, ಅದು ಹೋಗಿ ತಗುಲಿದ್ದು ಚಾಟನಿಯ ಹೆಂಗಸರಿಗೆ. ಒಂಬತ್ತು ಮಂದಿ. ತೋಟದ ಕೆಲಸವನ್ನು ಮಾಸ್ತರರು ಕಾರಣವೆಂದು ಒಪ್ಪಲಿಲ್ಲ.

ಆ ಕ್ರಿಸ್ಮಸ್ಸಿಗೆ ಒಂಬತ್ತೂ ಮಂದಿ ಒಗೆದ ಸೀರೆ ಉಟ್ಟು ಬಂದು ಬಾಗಿಲ ಹತ್ತಿರದ ಜಮಖಾನೆಯ ಮೇಲೆ ಕೂತರು. ಉಳಿದವರು ಒಬ್ಬೊಬ್ಬರಾಗಿ ಎದ್ದು ಮುಂದೆ ಹೋಗಿ, ಮೊಣಕಾಲೂರಿ, ರೊಟ್ಟಿಯ ಚೂರು ತೆಗೆದುಕೊಂಡು ಬಂದರು. ಸಿದ್ದಲಿಂಗವ್ವ ಆ ಹೊತ್ತೆಲ್ಲ ತನ್ನ ಅಂಗೈ ನೋಡುತ್ತಾ ಕೂತಿದ್ದಳು. ಮೂರು ದಿನ ಬಿಟ್ಟು ಜೋಳ ಹಸನು ಮಾಡುತ್ತಾ, ಮಗಳ ಕಡೆ ನೋಡದೆ ಹೇಳಿದಳು:

"ವರ್ಷಾನಗಟ್ಲೆ ನಾ ಎಲ್ಲಾರಿಗೂ ನೀಡಾಕಿ. ಅದೊಂದ ದಿನಾ ಯಾರರ ನನಗ ನೀಡ್ತಿದ್ರು. ಅದೂ ಹೋತು."

ಈ ಮಾತನ್ನು ಸುವಾರ್ತಾ ನನಗೆ ಹೇಳಿದ್ದು ಒಂದೇ ಸಲ. ಹೇಳುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ಮುಂದಿನ ಕ್ರಿಸ್ಮಸ್ಸಿಗೆ ಅವ್ವ ಮುಂದೆ ಹೋಗಿ ಮೊಣಕಾಲೂರಬೇಕು, ಅವ್ವನ ಸಂಗಡ ಉಳಿದ ಎಂಟು ಮಂದಿಯೂ. ಅಷ್ಟನ್ನು ಹೇಳಿ ಪುಸ್ತಕ ತೆಗೆದಳು.

ಮರುವರ್ಷ ಜೂನಿನಲ್ಲಿ ಅವಳನ್ನು ಸಭೆಯ ಯುವಜನ ಸಂಘಕ್ಕೆ ಕಾರ್ಯದರ್ಶಿ ಮಾಡಿದರು. ಏಳು ಮಂದಿಯ ಸಂಘ. ಕ್ರಿಸ್ಮಸ್ಸಿಗೆ ಬಣ್ಣದ ಕಾಗದದ ನಕ್ಷತ್ರ ಕಟ್ಟುವುದು, ಮನೆಮನೆಗೆ ಹೋಗಿ ಹಾಡುವುದು ಅವರ ವರ್ಷದ ಕೆಲಸ. ಸಂಘ ಮೊದಲ ಸಲ ಸೇರಿದಾಗಲೇ ಅವಳು, ಈ ಸಲ ಅಕ್ಟೋಬರಿನ ರವಿವಾರ ನಾವು ದ್ರಾಕ್ಷಿ ತೋಟಕ್ಕೆ ಹೋಗೋಣ, ಅಲ್ಲಿಯೇ ಆರಾಧನೆ ಮಾಡೋಣ ಎಂದಳು. ಒಬ್ಬ ಹುಡುಗ, ದ್ರಾಕ್ಷಿ ತಿನ್ನಾಕ ಕೊಡ್ತಾರೇನು ಅಂದ. ಅಕ್ಟೋಬರದಾಗ ದ್ರಾಕ್ಷಿ ಎಲ್ಲಿರ್ತಾವೋ ಮಂಗ್ಯಾ ಅಂತ ಇನ್ನೊಬ್ಬಳು ಬೈದಳು. ನಕ್ಕರು. ಆದರೆ ಏಳು ಮಂದಿಯೂ ಕೈ ಎತ್ತಿದರು. ಆ ವಯಸ್ಸಿನಲ್ಲಿ ಕೈ ಎತ್ತುವುದು ಸುಲಭ ಎಂದು ಆಮೇಲೆ ಅವಳೇ ಹೇಳುತ್ತಿದ್ದಳು, ಹಾಗೆಂದು ಎತ್ತಿದ ಕೈಯನ್ನು ಸಣ್ಣದು ಮಾಡಬಾರದು ಎಂದೂ.

ಮಾಸ್ತರರ ಕಟ್ಟೆಗೆ ಅವಳು ಒಬ್ಬಳೇ ಹೋದಳು. ಅವರು ಪೇಪರು ಮಡಿಚಿಟ್ಟು ಪೂರ್ತಿ ಕೇಳಿಸಿಕೊಂಡರು. ರವಿವಾರ ದೇವರದು, ಅದನ್ನು ತೋಟಗಾರನಿಗೆ ಕೊಟ್ಟವರು ದೇವರನ್ನು ಕೇಳಿ ಕೊಟ್ಟಿಲ್ಲ ಎಂದರು. ಕೊಡದಿದ್ದರೆ ಸೋಮವಾರ ಆ ಸಾಲೇ ಇರುವುದಿಲ್ಲ ಎಂದು ಅವಳು ಹೇಳಿದಳು. ಅವರು ಶಾಲೆಯಲ್ಲಿ ಪರೀಕ್ಷೆಯ ದಿನ ಹೇಳುವ ದನಿಯಲ್ಲಿ ಹೇಳಿದರು:

"ಬರೇ ಹಾಡಿ ಎದ್ರ ಅದು ಆರಾಧನಿ ಆಗೂದುಲ್ಲ ತಂಗಿ. ವಾಕ್ಯ ಓದಬೇಕು. ಓದಿದ್ದು ಅವರಿಗೆ ತಿಳೀಬೇಕು. ಮೂರನೇ ರವಿವಾರ ನಾ ಬಂದು ಕೇಳ್ತೇನಿ. ಉತ್ತರ ಬಂತು, ಆರಾಧನಿ ಆತು. ಬರಲಿಲ್ಲ, ಯಾದಿ ಹ್ವಾದ ವರ್ಷದ್ದ."

ಸುವಾರ್ತಾ ಒಪ್ಪಿಕೊಂಡಳು.

ಗ್ಯಾಂಗಿನ ಮುಂದಾಳು ಖಾತುನಬಿ. ಐವತ್ತರ ಮೇಲಿನ ಹೆಂಗಸು, ಕತ್ತರಿಗಿಂತ ಬಾಯಿ ಹರಿತ. ಗ್ಯಾಂಗಿನಲ್ಲಿ ಎಲ್ಲ ಜಾತಿಯವರೂ ಇದ್ದರು. ಒಂಬತ್ತು ಮಂದಿಯ ಆರಾಧನೆಗಾಗಿ ಉಳಿದ ಹನ್ನೆರಡು ಮಂದಿಯೂ ಅರ್ಧ ತಾಸು ಮುಂಚೆ ಟೆಂಪೋ ಹತ್ತಬೇಕಿತ್ತು. ಅದನ್ನು ಕೇಳಲು ಹೋದಾಗ ಖಾತುನಬಿ ಅಡಕೆ ಕತ್ತರಿಸುತ್ತಾ ಕೂತಿದ್ದಳು.

"ಅಲ್ಲವಾ, ನಿಮ್ಮ ದೇವರಿಗೂ ಇಷ್ಟ್ ಮುಂಜಾನೆ ಎಚ್ಚರ ಆಗತೈತೇನು?"

"ನಿಮ್ಮ ದೇವರು ಎಬ್ಬಸ್ತಾನಂತ ಚಾಚಿ," ಎಂದಳು ಸುವಾರ್ತಾ.

ಖಾತುನಬಿ ನಕ್ಕಳು. ಟೆಂಪೋ ಐದೂವರೆಗೆ ಬಿಡುತ್ತದೆ, ಉಳಿದವರು ಬೈದರೆ ಬೈಸಿಕೊಳ್ಳುವುದು ನಿನ್ನ ಪಾಲು ಎಂದಳು.

ತೋಟ ಚನ್ನಬಸಯ್ಯನವರದು. ಸಾಲೋಟಗಿಯ ದಾರಿಯಲ್ಲಿ, ಇಂಡಿಯಿಂದ ಒಂದು ಹರದಾರಿ, ಎಂದರೆ ಮೂರು ಮೈಲಿ. ಪಂಪಿನ ಕೋಣೆಯ ಮುಂದೆ ಒಂದು ದೊಡ್ಡ ಬೇವಿನ ಗಿಡ. ಅವರು ಅವಳ ಮಾತು ಕೇಳಿ, ನಿಮ್ಮ ದೇವರು ಬಂದು ಹೋಗಲಿ, ಆದರೆ ಬಿಸಿಲು ಮೊದಲ ಸಾಲಿಗೆ ಬಿದ್ದಾಗ ನನ್ನ ಕತ್ತರಿ ಸದ್ದು ಮಾಡುತ್ತಿರಬೇಕು ಎಂದರು. ಹಾಡು ಮಾತ್ರ ಜೋರಾಗಿ ಹಾಡಿ, ಕಾಡುಹಂದಿ ಬರೋದಾದರೂ ತಪ್ಪುತ್ತದೆ ಎಂದು ಸೇರಿಸಿದರು.

ಮೊದಲ ರವಿವಾರ ಅವಳೂ ಸೇರಿ ಸಂಘದ ಐದು ಮಂದಿ ಬಂದಿದ್ದರು, ಮೂರು ಸೈಕಲ್ಲಿನ ಮೇಲೆ. ಮೂಡಣ ಕೆಂಪಾಗುತ್ತಿತ್ತು. ಹೆಂಗಸರು ಕತ್ತರಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ಕೆಳಗೆ ಕೂತರು. ಉಳಿದವರು ಸ್ವಲ್ಪ ದೂರ ಚಹಾದ ಕಿಟ್ಲಿಯ ಸುತ್ತ ಕೂತರು. ಹಾಡು ಚೆನ್ನಾಗಿ ಆಯಿತು. ತಾಳ ಹಾಕಿದ್ದು ಖಾತುನಬಿಯೇ, ಕತ್ತರಿಯಿಂದ ಕಿಟ್ಲಿಯ ಮೇಲೆ. ಆಮೇಲೆ ಸುವಾರ್ತಾ ಎದ್ದು ನಿಂತು ವಾಕ್ಯ ಓದಿದಳು. ಗುಡಿಯಲ್ಲಿ ಓದುವಂತೆಯೇ ಸ್ಪಷ್ಟವಾಗಿ, ಮಾಸ್ತರರು ಕಲಿಸಿದಂತೆ ಅಲ್ಪವಿರಾಮಕ್ಕೆ ನಿಂತು, ಪೂರ್ಣವಿರಾಮಕ್ಕೆ ಉಸಿರೆಳೆದು. ಅರ್ಧ ಓದುವುದರೊಳಗೆ ಇಬ್ಬರು ತೂಕಡಿಸುತ್ತಿದ್ದರು. ಮುಗಿದ ಮೇಲೆ, ಏನು ತಿಳಿಯಿತು ಎಂದು ಅವ್ವನನ್ನೇ ಕೇಳಿದಳು. ಸಿದ್ದಲಿಂಗವ್ವ ಒಳ್ಳೇದಿತ್ತು ಎಂದಳು.

"ಕೋರ್ಟಿನ ನೋಟೀಸ ಓದಿದಂಗ ಓದಿದಿ ಬಿಡು," ಎಂದು ಖಾತುನಬಿ ದೂರದಿಂದಲೇ ಹೇಳಿದಳು. "ಯಾರ ಮ್ಯಾಲೆ ಕೇಸ್ ಐತಿ ಅಂತ ಅಷ್ಟ ತಿಳೀಲಿಲ್ಲ."

ಆ ವಾರ ಎರಡು ಸಂಗತಿ ನಡೆದವು. ಗುಡಿಯ ಇನ್ನೊಬ್ಬ ಹಿರಿಯರು, ಕಿರಾಣಿ ಅಂಗಡಿಯವರು, ಅವಳನ್ನು ದಾರಿಯಲ್ಲಿ ನಿಲ್ಲಿಸಿ, ನಿನ್ನ ತಾಯಿ ವಿಧವೆ, ಅವಳ ಹೆಸರೊಂದನ್ನು ಯಾದಿಯಲ್ಲಿ ಉಳಿಸಲು ನಾವು ಮಾಸ್ತರರಿಗೆ ಹೇಳುತ್ತೇವೆ, ಈ ತೋಟದ ತಿರುಗಾಟ ಬಿಟ್ಟುಬಿಡು ಎಂದರು. ಉಳಿದ ಎಂಟು ಮಂದಿಯಲ್ಲಿ ಮೂವರು ವಿಧವೆಯರು ಎಂದು ಸುವಾರ್ತಾ ಹೇಳಿದಳು. ಹಾಗಾದರೆ ಎಲ್ಲರದೂ ಹೋಗುತ್ತದೆ ಎಂದರು ಅವರು. ಎಲ್ಲರದೂ ಉಳಿಯುತ್ತದೆ ಎಂದು ಹೇಳಿ ಅವಳು ಸೈಕಲ್ ಹತ್ತಿದಳು. ಮನೆಗೆ ಹೋಗಿ ಅವ್ವನಿಗೆ ತಿಳಿಸಿದಾಗ ಮಾತ್ರ ಅವಳಿಗೆ ಭಯವಾಯಿತಂತೆ. ಅವ್ವ ಬೈಯಬಹುದಿತ್ತು. ಬೈಯಲಿಲ್ಲ. ಒಬ್ಬಳೇ ಹೋಗಿ ಉಂಡು ಬಂದರೆ ಆ ಎಂಟು ಮಂದಿಯ ಮುಖ ಹೇಗೆ ನೋಡಲಿ ಎಂದಳಷ್ಟೇ.

ಎರಡನೆಯದು, ಸಂಘದವರು ಕರಗಿದರು. ಒಬ್ಬನಿಗೆ ಜ್ವರ, ಒಬ್ಬಳಿಗೆ ಅಪ್ಪನ ಬೈಗುಳ, ಇಬ್ಬರಿಗೆ ಪರೀಕ್ಷೆ. ಎರಡನೆಯ ರವಿವಾರ ಬೇವಿನ ಗಿಡದ ಕೆಳಗೆ ನಿಂತವಳು ಅವಳೊಬ್ಬಳೇ. ಹಾಡಿಗೆ ದನಿ ಸಾಲಲಿಲ್ಲ. ಅಂದು ಅವಳು ಆರಿಸಿಕೊಂಡಿದ್ದು ದ್ರಾಕ್ಷಿ ಬಳ್ಳಿಯ ವಾಕ್ಯಭಾಗ. ತೋಟದವರಿಗೆ ತೋಟದ ಮಾತು ತಿಳಿಯಬಹುದು ಎಂದುಕೊಂಡಿದ್ದಳು. ದೇವರು ತೋಟಗಾರ, ಯೇಸು ಬಳ್ಳಿ, ನಾವು ಕೊಂಬೆಗಳು. ಫಲ ಬಿಡದ ಕೊಂಬೆಯನ್ನು ತೋಟಗಾರ ತೆಗೆದುಹಾಕುತ್ತಾನೆ. ಫಲ ಬಿಡುವ ಕೊಂಬೆ ಇನ್ನೂ ಹೆಚ್ಚು ಬಿಡಲಿ ಎಂದು ಅದನ್ನು ಶುದ್ಧಿ ಮಾಡುತ್ತಾನೆ.

ಓದು ಮುಗಿಯಿತು. ಸಿದ್ದಲಿಂಗವ್ವ ಕತ್ತರಿಯನ್ನು ತೊಡೆಯಿಂದ ಕೆಳಗಿಟ್ಟಳು.

"ಶುದ್ಧಿ ಅಂದ್ರ ಏನ ಮಾಡ್ತಾನವಾ?"

ಸುವಾರ್ತಾ, ಶುದ್ಧಿ ಅಂದರೆ ಶುದ್ಧಿ, ಹಸನು ಮಾಡುವುದು ಎಂದಳು. ಬಳ್ಳಿಯನ್ನು ತೊಳೆಯುತ್ತಾನೇನು ಎಂದು ಒಬ್ಬಳು ಕೇಳಿದಳು. ಗೋಮೂತ್ರ ಚಿಮುಕಿಸುತ್ತಾನೆ ಎಂದಳು ಕಿಟ್ಲಿಯ ಹತ್ತಿರ ಕೂತ ಒಬ್ಬ ಹೆಂಗಸು. ಮನೆ ಸೂತಕ ಕಳೆದಂತೆ ಬಳ್ಳಿಯ ಸೂತಕ ಕಳೆಯುತ್ತಾನೆ ಎಂದಳು ಇನ್ನೊಬ್ಬಳು. ಎಲ್ಲರೂ ನಗುತ್ತಿದ್ದರು. ಸಿದ್ದಲಿಂಗವ್ವ ನಗಲಿಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು.

"ಆಂವ ತೋಟಗಾರ ಹೌದಲ್ಲೋ? ಫಲಾ ಕೊಡೂ ಕಡ್ಡಿ ಇನ್ನೂ ಕೊಡಲಿ ಅಂದ್ರ ತೋಟಗಾರ ಏನ್ ಮಾಡ್ತಾನ? ಚಾಟನಿ ಮಾಡ್ತಾನ. ಶುದ್ಧಿ ಗಿದ್ಧಿ ಮಾಡೂದು ಪೂಜಾರಿ ಕೆಲಸ."

ಸುವಾರ್ತಾ ಆ ಭಾಗವನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದಳು. ರಜೆಯಲ್ಲಿ ಅವ್ವನ ಸಂಗಡ ಬಂದು ಇದೇ ತೋಟದಲ್ಲಿ ಕತ್ತರಿ ಹಿಡಿದಿದ್ದಳು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದ್ದು ಅದೇ ಮೊದಲು. ಶುದ್ಧಿ ಎಂಬ ಮಾತು ಕೇಳಿದಾಗಲೆಲ್ಲ ಅವಳ ಕಣ್ಣಿಗೆ ಬರುತ್ತಿದ್ದುದು ಮಾಸ್ತರರ ಬಿಳಿ ಧೋತರ, ಅವರ ತೊಳೆದ ಕಟ್ಟೆ. ಅಲ್ಲಿ ಒಂದು ಕತ್ತರಿಯಿದೆ ಎಂದು ಯಾರೂ ಹೇಳಿರಲಿಲ್ಲ. ಚೆನ್ನಾಗಿ ಫಲ ಬಿಟ್ಟ ಕಡ್ಡಿಯನ್ನೇ ಹೆಚ್ಚು ಕತ್ತರಿಸುತ್ತಾರೆ. ಕತ್ತರಿಸಿದ ಕೈ ಅದನ್ನು ಬಿಟ್ಟು ಹೋಗುವುದಿಲ್ಲ, ಮತ್ತೆ ಮತ್ತೆ ಬಂದು ನೋಡುತ್ತದೆ. ಇದನ್ನು ಆ ಹೆಂಗಸರು ವರ್ಷಗಳಿಂದ ಬೆರಳಲ್ಲಿ ತಿಳಿದಿದ್ದರು.

ಅವಳು ಪುಸ್ತಕ ಮುಚ್ಚಿ ಕೂತಳು. ನಿಂತು ಓದುವುದು ಬಿಟ್ಟು ಅವರ ಸಾಲಿನಲ್ಲೇ ಕೂತು, ಇಡೀ ಭಾಗವನ್ನು ಮತ್ತೊಮ್ಮೆ ಇಂಡಿಯ ಮಾತಿನಲ್ಲಿ ಹೇಳಿದಳು. ಯಾರೂ ತೂಕಡಿಸಲಿಲ್ಲ. ಹಾಗಾದರೆ ನನ್ನ ಗಂಡ ಸತ್ತದ್ದೂ ಚಾಟನಿಯೇನು ಎಂದು ಒಬ್ಬಳು ಕೇಳಿದಳು. ಗೊತ್ತಿಲ್ಲ ಅತ್ತಿ ಎಂದಳು ಸುವಾರ್ತಾ. ಚಹಾದ ಹತ್ತಿರದ ಗುಂಪು ಅಷ್ಟು ಹೊತ್ತಿಗೆ ಬೇವಿನ ನೆರಳಿನೊಳಗೆ ಬಂದು ಕೂತಿತ್ತು. ಆ ದಿನ ಕತ್ತರಿಗಳು ಶುರುವಾಗಿದ್ದು ಬಿಸಿಲು ಬಿದ್ದು ಹತ್ತು ನಿಮಿಷಕ್ಕೆ. ಚನ್ನಬಸಯ್ಯ ದೂರದಿಂದ ನೋಡಿ ಪಂಪಿನ ಕೋಣೆಯೊಳಗೆ ಹೋದರು.

ಮುಂದಿನ ಆರು ದಿನ ಕಾಲೇಜಿನಲ್ಲಿ ಅವಳು ಮಧ್ಯಾಹ್ನದ ಬಿಡುವಿನಲ್ಲಿ ಬರೆಯುತ್ತಿದ್ದಳು. ಬಳ್ಳಿಯ ಭಾಗವನ್ನು ಒಂದೊಂದೇ ಸಾಲು ತನ್ನ ಅವ್ವನ ಮಾತಿಗೆ ತಂದು, ಸಂಜೆ ಅವ್ವನಿಗೆ ಓದಿ, ಅವ್ವ ಹುಬ್ಬು ಗಂಟಿಕ್ಕಿದ ಕಡೆ ಹೊಡೆದುಹಾಕಿ ಮತ್ತೆ ಬರೆದಳು. ಸಂಘದ ಆರೂ ಮನೆಗೆ ಹೋಗಿ ಬಂದಳು. ಯಾರನ್ನೂ ದೂರಲಿಲ್ಲ. ಈ ರವಿವಾರ ಮಾಸ್ತರರು ಬರುತ್ತಾರೆ, ನೀವಿದ್ದರೆ ಹಾಡು ತುಂಬುತ್ತದೆ ಎಂದಷ್ಟೇ ಹೇಳಿದಳು. ನಾಲ್ವರು ಬಂದರು, ಜ್ವರದಿಂದ ಎದ್ದವನೂ ಸೇರಿ.

ಮಾಸ್ತರರನ್ನು ಆ ಹುಡುಗನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ಬಿಳಿ ಧೋತರ, ಕೋಟು, ಕಂಕುಳಲ್ಲಿ ಪುಸ್ತಕ. ಅವರಿಗಾಗಿ ಪಂಪಿನ ಕೋಣೆಯಿಂದ ತಂದಿಟ್ಟ ಖುರ್ಚಿಯಲ್ಲಿ ಕೂತು ಹಾಡು ಕೇಳಿದರು, ಪ್ರಾರ್ಥನೆ ಕೇಳಿದರು. ಸುವಾರ್ತಾ ಪುಸ್ತಕದಲ್ಲಿದ್ದಂತೆ ಒಮ್ಮೆ ಓದಿ, ಆಮೇಲೆ ತನ್ನ ನೋಟಬುಕ್ಕಿನಿಂದ ಓದಿದಳು. ನೋಟಬುಕ್ಕು ಕಂಡಾಗ ಮಾಸ್ತರರ ಮುಖ ಬಿಗಿಯಾಯಿತು. ತಡೆಯಲಿಲ್ಲ.

ಪ್ರಶ್ನೆ ಕೇಳುವ ಹೊತ್ತಿಗೆ ಅವರು ಯಾದಿ ತೆಗೆದು, ಸಾರಮ್ಮ ಎಂದು ಕರೆದರು. ಯಾರೂ ಏಳಲಿಲ್ಲ. ಪಕ್ಕದವಳು ಮೊಣಕೈಯಿಂದ ತಿವಿದ ಮೇಲೆ ಸಿದ್ದಲಿಂಗವ್ವ ಎದ್ದಳು.

"ಫಲಾ ಕೊಡೂ ಕೊಂಬಿನ ತೋಟಗಾರ ಏನ್ ಮಾಡ್ತಾನ?"

"ಕಡೀತಾನ್ರಿ, ಮಾಸ್ತರ."

ಮಾಸ್ತರರು ಕನ್ನಡಕ ತೆಗೆದರು. "ಕಡಿಯೂದು ಫಲಾ ಕೊಡಲಾರದ್ದನ್ನ. ಕೊಡೂದನ್ನ ಶುದ್ಧಿ ಮಾಡ್ತಾನ. ಇನ್ನೊಮ್ಮೆ ವಿಚಾರ ಮಾಡಿ ಹೇಳವಾ."

ಸಿದ್ದಲಿಂಗವ್ವ ಮಗಳ ಕಡೆ ನೋಡಿದಳು. ಒಂದು ಮಾತು ಬದಲಿಸಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶುದ್ಧಿ ಎಂದರೆ ಸಾಕು, ಹೆಸರು ಉಳಿಯುತ್ತಿತ್ತು. ಸುವಾರ್ತಾ ತುಟಿ ಅಲುಗಿಸಲಿಲ್ಲ. ಅಲುಗಿಸಬೇಕು ಅನಿಸಿದ್ದು ನಿಜ ಎಂದು ಆಮೇಲೆ ಒಪ್ಪಿಕೊಂಡಳು.

"ವಿಚಾರ ಮಾಡೇ ಹೇಳಿನ್ರಿ," ಎಂದಳು ಸಿದ್ದಲಿಂಗವ್ವ. "ಕಡೀತಾನ."

ಉಳಿದ ಎಂಟು ಮಂದಿಯನ್ನೂ ಅವರು ಅದನ್ನೇ ಕೇಳಿದರು. ಎಂಟು ಮಂದಿಯೂ ಅದನ್ನೇ ಹೇಳಿದರು. ಒಬ್ಬಳು ಸೆರಗು ಸರಿಮಾಡಿಕೊಳ್ಳುತ್ತಾ, ಇನ್ನೊಬ್ಬಳು ನೆಲ ನೋಡುತ್ತಾ. ಮಾಸ್ತರರು ಯಾದಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

ಆಗ ಸುವಾರ್ತಾ ಎದ್ದು, ಒಂದು ಸಾಲಿನ ತನಕ ಬರಬೇಕೆಂದು ಅವರನ್ನು ಕೇಳಿಕೊಂಡಳು. ಇಂಡಿಯಲ್ಲಿ ದ್ರಾಕ್ಷಿ ಬಂದು ಅಷ್ಟು ವರ್ಷವಾಗಿದ್ದರೂ ಮಾಸ್ತರರು ತೋಟದೊಳಗೆ ಕಾಲಿಟ್ಟವರಲ್ಲ. ಧೋತರ ಎತ್ತಿ ಹಿಡಿದು, ಬಗ್ಗಿ, ಚಪ್ಪರದ ಕೆಳಗೆ ಬಂದರು. ಸಿದ್ದಲಿಂಗವ್ವ ಒಂದು ಒಣಗಿದ ಕಡ್ಡಿ ತೋರಿಸಿ, ಇದು ಸತ್ತದ್ದು, ಇದನ್ನು ಬುಡಕ್ಕೇ ತೆಗೆಯುತ್ತೇವೆ ಎಂದಳು. ಆಮೇಲೆ ಹೆಬ್ಬೆರಳಿನಷ್ಟು ದಪ್ಪದ, ಉದ್ದಕ್ಕೆ ಹಬ್ಬಿದ ಒಳ್ಳೆಯ ಕಡ್ಡಿಯೊಂದನ್ನು ಹಿಡಿದು, ಕಣ್ಣು ಎಣಿಸಿ, ಮುಕ್ಕಾಲು ಭಾಗ ಕತ್ತರಿಸಿ ಒಗೆದಳು. ಕತ್ತರಿ ಬಿದ್ದ ಸದ್ದಿಗೆ ಮಾಸ್ತರರು ಬೆಚ್ಚಿದರು.

"ಇದನ್ಯಾಕ ಕಡದಿ? ಚೊಲೋ ಇತ್ತಲ್ಲ."

"ಚೊಲೋ ಇತ್ತಂತನ ಕಡದ್ನಿರಿ. ಬಿಟ್ರ ಎಲಿ ಅಷ್ಟ ಬರತಾವ."

ಅವರು ಬಹಳ ಹೊತ್ತು ಆ ಕತ್ತರಿಸಿದ ತುದಿಯನ್ನು ನೋಡಿದರು. ಬೆರಳಿಂದ ಮುಟ್ಟಿದರು. ಆದರೂ ಬಾಯಿಂದ ಬಂದದ್ದು, ಪುಸ್ತಕದಲ್ಲಿ ಶುದ್ಧಿ ಎಂದಿದೆ ಎಂಬ ಮಾತೇ. ಅಷ್ಟು ಹೊತ್ತು ಹಿಂದೆ ನಿಂತಿದ್ದ ಸುವಾರ್ತಾ ಮುಂದೆ ಬಂದಳು.

"ಪುಸ್ತಕಾನ ಕನ್ನಡಕ್ಕ ತಂದವ್ರು ಚಪ್ಪರದ ಬುಡಕ ಬಗ್ಗಿರಲಿಕ್ಕಿಲ್ರಿ ಮಾಸ್ತರ. ಮೊದಲ ಈ ಮಾತ ಹೇಳಿದಾಂವ ಬಗ್ಗಿದ್ದ. ಕೇಳಿದವ್ರೂ ಬಗ್ಗಿದವ್ರ ಇದ್ರು."

ಅದು ಧಾರ್ಷ್ಟ್ಯದ ಮಾತು ಎಂದು ಅವಳಿಗೇ ಗೊತ್ತಿತ್ತು. ತನಗೆ ಅಕ್ಷರ ಕಲಿಸಿದವರ ಮುಂದೆ, ಇಪ್ಪತ್ತು ಮಂದಿ ಕೇಳುವಂತೆ ಆಡಿದ ಮಾತು. ಬಿಸಿಲು ಮೊದಲ ಸಾಲಿಗೆ ಬಿದ್ದಿತ್ತು. ಖಾತುನಬಿ ಎಲ್ಲರನ್ನೂ ಕೆಲಸಕ್ಕೆ ಎಬ್ಬಿಸಿದಳು. ಮಾಸ್ತರರು ಸೈಕಲ್ಲಿನ ಹಿಂದೆ ಕೂತು ಹೋದರು. ತೀರ್ಪು ಹೇಳದೆಯೇ ಹೋದರು. ಆ ಬೆಳಗಿನ ಗುಡಿಯ ಆರಾಧನೆಯನ್ನು ಕಿರಾಣಿ ಅಂಗಡಿಯ ಹಿರಿಯರು ನಡೆಸಿದರು, ಮಾಸ್ತರರು ಅಲ್ಲಿಗೆ ಬರಲಿಲ್ಲ.

ನವೆಂಬರ್ ಪೂರ್ತಿ ಅವರು ಆ ವಿಷಯ ಎತ್ತಲಿಲ್ಲ. ಗುಡಿಯಲ್ಲಿ ಎಂದಿನಂತೆ ಆರಾಧನೆ ನಡೆಸಿದರು. ಸುವಾರ್ತಾಳಿಗೆ ಓದಲು ಕೊಡಲಿಲ್ಲ. ತೋಟದಲ್ಲಿ ನೋಟಬುಕ್ಕಿನಿಂದ ಓದಿದ್ದು ಓಣಿಯಲ್ಲೆಲ್ಲ ಹಬ್ಬಿತ್ತು. ದೇವರ ವಾಕ್ಯವನ್ನು ಸಂತೆಯ ಮಾತು ಮಾಡಿದಳು ಎಂದು ಕೆಲವರು ಅವಳ ಕಡೆ ನೋಡುವುದು ಬಿಟ್ಟರು. ನಾಲ್ಕನೆಯ ರವಿವಾರವೂ ಅವಳು ತೋಟಕ್ಕೆ ಹೋಗಿದ್ದಳು. ಅದಾದ ಮೇಲೂ, ಚಾಟನಿ ಮುಗಿದು ಹೆಂಗಸರಿಗೆ ಗುಡಿಗೆ ಬರಲು ಆಗುವ ತನಕ, ತಪ್ಪಿಸಲಿಲ್ಲ. ಯಾದಿಯಲ್ಲಿ ಹೆಸರಿರುವುದೇ ಅನುಮಾನ, ಇನ್ನೇಕೆ ಹೋಗುತ್ತೀ ಎಂದು ನಾನೊಮ್ಮೆ ಕೇಳಿದೆ. ಯಾದಿಗೆ ಅಂತ ಶುರು ಮಾಡಿದ್ದು ಹೌದು, ಈಗ ಅವರು ಕಾಯುತ್ತಿರುತ್ತಾರೆ ಎಂದಳು.

ಕ್ರಿಸ್ಮಸ್ಸಿನ ಹಿಂದಿನ ರವಿವಾರ ಯಾದಿ ಓದುವ ದಿನ. ಗುಡಿ ತುಂಬಿತ್ತು. ಒಂಬತ್ತು ಮಂದಿ ಬಾಗಿಲ ಹತ್ತಿರವೇ ಕೂತಿದ್ದರು. ಮಾಸ್ತರರು ನಿಂತು ಓದುತ್ತಾ ಹೋದರು. ಗಂಡಸರ ಹೆಸರು ಮುಗಿದು ಹೆಂಗಸರದು ಬಂತು. ಸಾರಮ್ಮ ದೊಡ್ಡಮನಿ ಎಂದು ಓದಿದರು. ಅದರ ಹಿಂದೆ ಉಳಿದ ಎಂಟು.

ಕಿರಾಣಿ ಅಂಗಡಿಯ ಹಿರಿಯರು ಎದ್ದು ನಿಂತರು. ನಿಯಮ ಏನಾಯಿತು ಎಂದು ಕೇಳಿದರು. ಮಾಸ್ತರರು ನಿಯಮದ ಕಾಗದವನ್ನೂ ತಂದಿದ್ದರು. ಬೆನ್ನುಬೆನ್ನಿಗೆ ಮೂರು ರವಿವಾರ ಎಂದು ಅದರಲ್ಲಿದೆ, ಮೂರನೆಯ ರವಿವಾರ ಇವರು ಆರಾಧನೆಯಲ್ಲಿದ್ದರು, ಸಭೆಯ ಹಿರಿಯನಾಗಿ ನಾನು ಕಣ್ಣಾರೆ ಕಂಡಿದ್ದೇನೆ, ಎಣಿಕೆ ಅಲ್ಲಿಗೆ ಮುರಿಯಿತು ಎಂದರು. ಆ ದಿನ ನೀವೇ ಗುಡಿಯಲ್ಲಿ ಇರಲಿಲ್ಲವಲ್ಲ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತಪ್ಪಿಸಿದಿರಲ್ಲ ಎಂದರು ಅಂಗಡಿಯವರು.

"ನಾ ಆರಾಧನಿಯಾಗ ಇದ್ದೆ," ಎಂದರು ಮಾಸ್ತರರು. "ನೀವೂ ಬರಬೇಕಿತ್ತು."

ಹುಡುಗರ ಕಡೆಯಿಂದ ಸಣ್ಣ ನಗು ಎದ್ದಿತು. ಅಂಗಡಿಯವರು ಕೂರಲಿಲ್ಲ. ವಾಕ್ಯ ತಿಳಿದರೆ ಮಾತ್ರ ಆರಾಧನೆ ಎಂದು ಹೇಳಿದವರು ನೀವೇ, ಕೇಳಿದ ಪ್ರಶ್ನೆಗೆ ಒಬ್ಬರಿಂದಲೂ ಉತ್ತರ ಬರಲಿಲ್ಲವೆಂದು ಕೇಳಿದ್ದೇವೆ ಎಂದರು. ಮಾಸ್ತರರು ಕಾಗದವನ್ನು ಮೇಜಿನ ಮೇಲಿಟ್ಟರು. ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ ಎಂದು ಸುವಾರ್ತಾ ಆಮೇಲೆ ಹೇಳಿದಳು. ಅವರ ಕೈ ಮೇಜಿನ ಅಂಚನ್ನು ಹಿಡಿದಿತ್ತಂತೆ.

"ಉತ್ತರ ಬಂತು. ಒಂಬತ್ತು ಸಲ ಬಂತು. ಉತ್ತರ ಗೊತ್ತಿರಲಾರದಾಂವ ನಾನ."

ಶುಕ್ರವಾರ ಕ್ರಿಸ್ಮಸ್. ಹೆಂಗಸರು ವಾರ ಮುಂಚೆಯೇ ರಜೆ ಹೇಳಿದ್ದರು. ವಿಜಾಪುರದ ಪಾಸ್ಟರು ಮೇಜಿನ ಹಿಂದೆ ನಿಂತು ಕರೆದಾಗ ಸಿದ್ದಲಿಂಗವ್ವ ಎದ್ದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ನಡುವಿನ ಜಾಗದಲ್ಲಿ ನಡೆದು ಹೋದಳು. ಮೊಣಕಾಲೂರಿದವಳಿಗೆ ಮತ್ತೆ ಏಳಲು ಸ್ವಲ್ಪ ತೊಂದರೆಯಾಯಿತು. ಪಕ್ಕದಲ್ಲಿದ್ದವಳು ಕೈ ಕೊಟ್ಟಳು. ಹಿಂದಕ್ಕೆ ಬಂದು ಕೂತ ಮೇಲೆ ಅವಳು ಅತ್ತಳೋ ಇಲ್ಲವೋ ಮಗಳಿಗೆ ಕಾಣಲಿಲ್ಲ. ಅಷ್ಟು ಹೊತ್ತಿಗೆ ಮುಂದಿನವಳ ಸರದಿ ಬಂದಿತ್ತು, ಸುವಾರ್ತಾ ಒಂಬತ್ತು ಮಂದಿಯೂ ಹೋಗಿ ಬರುವ ತನಕ ಮುಂದೆಯೇ ನೋಡುತ್ತಿದ್ದಳು. ತನ್ನ ಸರದಿಗೆ ಏಳುವುದು ಅವಳಿಗೆ ಮರೆತೇ ಹೋಗಿತ್ತು. ಹಿಂದಿನಿಂದ ಯಾರೋ ಬೆನ್ನು ತಟ್ಟಿ ಎಬ್ಬಿಸಿದರು.

ಎಲ್ಲ ಮುಗಿದು ಜನ ಅಂಗಳದಲ್ಲಿ ನಿಂತು ಕೈ ಹಿಡಿದು ಹಬ್ಬ ಹೇಳಿಕೊಳ್ಳುತ್ತಿದ್ದಾಗ ಮಾಸ್ತರರು ಅವಳನ್ನು ಕರೆದರು. ನೋಟಬುಕ್ಕಿನ ಮಾತನ್ನು ಅವರೇ ತೆಗೆದರು. ಓದುವಾಗ ಪುಸ್ತಕದಲ್ಲಿದ್ದದ್ದೇ ಓದಬೇಕು, ತಿಳಿಸಿ ಹೇಳುವಾಗ ಬೇಕಾದರೆ ನೋಟಬುಕ್ಕು, ಅದರಲ್ಲಿ ಕಾಗುಣಿತ ತಪ್ಪಿದ್ದರೆ ತಾನು ಸುಮ್ಮನಿರುವವನಲ್ಲ ಎಂದರು. ಹೂಂ ಎಂದಳು. ಆಮೇಲೆ ಅವರು, ಮುಂದಿನ ಚಾಟನಿ ಯಾವಾಗ ಎಂದು ಕೇಳಿದರು. ಹಣ್ಣು ಕೊಯ್ದ ಮೇಲೆ ಏಪ್ರಿಲ್‌ನಲ್ಲಿ, ಅದು ಎರಡೇ ವಾರದ್ದು ಎಂದಳು.

"ಆಗ ಬಿಸಲು ಭಾಳ ಇರತೈತಲ್ಲ. ಎಷ್ಟಕ್ಕ ಶುರು ಮಾಡ್ತೀರಿ?"

"ಐದೂವರಿಗ್ರಿ."

ಅಷ್ಟು ಬೇಗ ಟೆಂಪೋ ಬರುತ್ತದೆಯೇ ಎಂದು ಕೇಳಿದರು. ಗ್ಯಾಂಗಿನ ಟೆಂಪೋದಲ್ಲಿ ಜಾಗವಿರುವುದಿಲ್ಲ ಎಂದಳು. ಆ ಸೈಕಲ್ಲಿನ ಹಿಂದೆ ಕೂತು ತನ್ನ ಸೊಂಟ ಹೋಗಿದೆ ಎಂದರು ಅವರು.

"ಹಂಗಾರ ನಡಕೋತ ಬರ್ರಿ ಮಾಸ್ತರ," ಎಂದಳು ಸುವಾರ್ತಾ.

ಏಪ್ರಿಲ್ಲಿನ ಚಾಟನಿಯ ಮೊದಲ ರವಿವಾರ ಅವರು ನಸುಕಿನ ನಾಲ್ಕು ಗಂಟೆಗೇ ಮನೆ ಬಿಟ್ಟಿದ್ದರಂತೆ.